ಒಂದು ನೋವಿಗೆ ಮೂರು ಹೆಸರು

ನಮ್ಮ ಮನೆಯ ಗೋಡೆ ಬೀರುವಿನಲ್ಲಿ ಒಂದು ಬಟ್ಟೆಯ ಚೀಲವಿದೆ. ಅದರೊಳಗೆ ನನ್ನ ಅಣ್ಣನ ಮೂರು ಸ್ಕ್ಯಾನ್ ರಿಪೋರ್ಟುಗಳಿವೆ, ಕಪ್ಪು ಫಿಲ್ಮುಗಳಿವೆ, ಔಷಧಿ ಅಂಗಡಿಯ ಬಿಲ್ಲುಗಳಿವೆ. ಅಣ್ಣ ಗುಣವಾಗಿ ಕೆಲವು ವರ್ಷಗಳೇ ಆದವು. ಅತ್ತಿಗೆ ಆ ಚೀಲವನ್ನು ಎಸೆಯಲು ಒಪ್ಪಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಅದನ್ನು ಬಿಚ್ಚಿ ಕೂತೆ. ಇತಿಹಾಸ ಪಾಠ ಮಾಡಿ ಹೊಟ್ಟೆ ಹೊರೆದವನು ನಾನು. ಹಳೆಯ ಕಾಗದ ಸಿಕ್ಕರೆ ಓದದೆ ಬಿಡುವುದು ಕಷ್ಟ. ಮೂರೂ ರಿಪೋರ್ಟುಗಳು ಒಬ್ಬನೇ ಮನುಷ್ಯನ ಒಂದೇ ಹೊಟ್ಟೆಯ ಬಗ್ಗೆ ಬರೆದವು. ಆದರೆ ಮೂರರಲ್ಲೂ ಕಾಯಿಲೆಯ ಹೆಸರು ಬೇರೆ ಬೇರೆ. ಮೊದಲನೆಯದರಲ್ಲಿ ಸೂಡೋಸಿಸ್ಟ್. ಎರಡನೆಯದರಲ್ಲಿ ಫ್ಲೆಗ್ಮನ್, ಆಬ್ಸೆಸ್ ಇರಬಹುದು ಎಂದು. ಮೂರನೆಯದರಲ್ಲಿ ವಾಲ್ಡ್ ಆಫ್ ನೆಕ್ರೋಸಿಸ್.

ಈ ಮೂರು ಹೆಸರುಗಳ ನಡುವೆ ನಮ್ಮಣ್ಣ ಸಾಯುವುದರಲ್ಲಿದ್ದ. ಅದಕ್ಕೇ ಈ ಹೆಸರುಗಳ ಇತಿಹಾಸ ಹುಡುಕಿಕೊಂಡು ಹೋದೆ.

ಮೊದಲು ನಮ್ಮ ಸೀಮೆಯ ವಿಷಯ ಸ್ವಲ್ಪ ಹೇಳಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳೂ ಒಂದಕ್ಕೊಂದು ಹತ್ತಿರವೇ. ಒಂದೂರಿನ ಹೆಣ್ಣು ಇನ್ನೊಂದೂರಿನ ಸೊಸೆ. ಆದರೆ ಕಾಯಿಲೆ ಬಂತೆಂದರೆ ಐದೂರುಗಳ ದಾರಿ ಐದು ದಿಕ್ಕಿಗೆ ಒಡೆಯುತ್ತದೆ. ಹರಪನಹಳ್ಳಿಯವರು ದಾವಣಗೆರೆ ಬಸ್ಸು ಹಿಡಿಯುತ್ತಾರೆ. ಕೂಡ್ಲಿಗಿಯವರು ಬಳ್ಳಾರಿಗೋ ಹೊಸಪೇಟೆಗೋ ಹೋಗುತ್ತಾರೆ. ಹಗರಿಬೊಮ್ಮನಹಳ್ಳಿಯವರಿಗೆ ಹೊಸಪೇಟೆ ಹತ್ತಿರ. ಹಡಗಲಿಯವರಲ್ಲಿ ಅರ್ಧ ಜನ ಹುಬ್ಬಳ್ಳಿ, ಗದಗಿನ ಕಡೆ ಮುಖ ಮಾಡುತ್ತಾರೆ. ಕೊಟ್ಟೂರಿನವರು ಪರಿಚಯದ ಡಾಕ್ಟರು ಯಾವೂರಿನಲ್ಲಿದ್ದಾರೋ ಆ ಊರಿಗೆ. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು 1957ರದು, ಬಳ್ಳಾರಿಯದು 1961ರದು, ದಾವಣಗೆರೆಯದು 1965ರದು. ಈ ಮೂರು ತಲೆಯೆತ್ತಿದ ಮೇಲೆ ನಮ್ಮವರ ದೊಡ್ಡ ಕಾಯಿಲೆಗಳ ದಾರಿಗಳು ಹೀಗೆ ಗಟ್ಟಿಯಾದವು. ಒಂದು ಊರಿನಲ್ಲಿ ವಾಸಿಯಾಗದಿದ್ದರೆ ಇನ್ನೊಂದು ಊರಿಗೆ, ಅಲ್ಲಿಂದ ಬೆಂಗಳೂರಿಗೆ. ಒಂದೂರಿನಲ್ಲಿ ಬರೆದ ರಿಪೋರ್ಟನ್ನು ಇನ್ನೊಂದೂರಿನವರು ಓದಬೇಕು. ಬರೆದವರು ಯಾರೋ, ಓದುವವರು ಯಾರೋ. ನಡುವೆ ಚೀಲ ಹಿಡಿದು ನಿಂತವರು ನಾವು.

ಹೆಸರು ಬದಲಾಗುವುದು ನಮ್ಮ ಸೀಮೆಗೆ ಹೊಸದಲ್ಲ. 1953ರ ಅಕ್ಟೋಬರ್ 1ರವರೆಗೆ ನಾವು ಮದರಾಸಿಗೆ ಸೇರಿದವರು, ಆಮೇಲೆ ಮೈಸೂರಿಗೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಕೂಡ್ಲಿಗಿಯ ಹೋಬಳಿಯಾಗಿದ್ದ ಕೊಟ್ಟೂರು ತಾನೇ ತಾಲೂಕಾಯಿತು. ನೆಲ ಅಲ್ಲೇ ಇತ್ತು, ಬೋರ್ಡು ಬದಲಾಯಿತು. ಬೋರ್ಡು ಬದಲಾದರೆ ಅರ್ಜಿ ಕೊಡುವ ಕಚೇರಿ ಬದಲಾಗುತ್ತದೆ, ಅಷ್ಟೇ. ಹೊಟ್ಟೆಯೊಳಗಿನ ಕಾಯಿಲೆಯ ಬೋರ್ಡು ಬದಲಾದರೆ ಕೊಡುವ ಚಿಕಿತ್ಸೆಯೇ ಬದಲಾಗುತ್ತದೆ.

ಅಣ್ಣನಿಗೆ ನೋವು ಬಂದದ್ದು ಮೈಲಾರದಿಂದ ವಾಪಸ್ಸು ಬಂದ ರಾತ್ರಿ. ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಜಾತ್ರೆ, ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರ್ಣಿಕ, ಇವು ಓದುಗರಿಗೆ ಗೊತ್ತಿರಬಹುದು. ಕಾರ್ಣಿಕ ಕೇಳಿಕೊಂಡು, ಮಂಡಕ್ಕಿ ಮಿರ್ಚಿ ತಿಂದು, ಟ್ರ್ಯಾಕ್ಟರಿನಲ್ಲಿ ಬಂದವನು ನಡುರಾತ್ರಿ ಎದ್ದು ಕೂತ. ನೋವು ಮೇಲ್ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹೊಡೆಯುತ್ತಿತ್ತು. ಮಲಗಿದರೆ ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಒಂದಿಷ್ಟು ಕಡಿಮೆ. ಮಿರ್ಚಿಯ ಪಿತ್ತ ಎಂದುಕೊಂಡೆವು. ಬೆಳಗಾಗುವಷ್ಟರಲ್ಲಿ ವಾಂತಿ ನಿಲ್ಲಲಿಲ್ಲ. ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಪ್ಯಾಂಕ್ರಿಯಾಟೈಟಿಸ್ ಎಂದರು. ಕನ್ನಡದಲ್ಲಿ ಮೇದೋಜೀರಕ ಗ್ರಂಥಿಯ ಉರಿಯೂತ. ಸುದ್ದಿ ಊರಿಗೆ ಮುಟ್ಟುವ ಹೊತ್ತಿಗೆ ಅದು ಕುಡುಕರ ಕಾಯಿಲೆಯಾಗಿತ್ತು. ನಮ್ಮಣ್ಣ ಹೆಂಡ ಮುಟ್ಟಿದವನಲ್ಲ. ಅವನಿಗಿದ್ದದ್ದು ಪಿತ್ತಕೋಶದ ಕಲ್ಲು. ಅತ್ತಿಗೆಗೆ ಮಾತ್ರ ನೋವಿಗಿಂತ ಆ ಮಾತೇ ಹೆಚ್ಚು ಚುಚ್ಚಿತ್ತು. "ಹೆಸರು ಕೆಡಿಸಿದ ರೋಗ" ಎಂದು ಈಗಲೂ ಅನ್ನುತ್ತಾರೆ.

ಈ ಗ್ರಂಥಿ ಬಹಳ ಕಾಲ ಮನುಷ್ಯನ ಕಣ್ಣು ತಪ್ಪಿಸಿಕೊಂಡೇ ಇತ್ತು. ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿ ಮಲಗಿರುವ, ಒಂದು ಗೇಣಿಗಿಂತ ಚಿಕ್ಕದಾದ ಅಂಗ ಅದು. ಗ್ರೀಕರು ಅದಕ್ಕಿಟ್ಟ ಹೆಸರಿನ ಅರ್ಥ ಬರೀ ಮಾಂಸ ಎಂದಷ್ಟೇ. ಏನು ಮಾಡುತ್ತದೆಂದು ಅವರಿಗೆ ತಿಳಿದಿರಲಿಲ್ಲ. 1642ರಲ್ಲಿ ಪಡುವಾ ನಗರದಲ್ಲಿ ಯೋಹಾನ್ ವಿರ್ಸುಂಗ್ ಎಂಬವನು ನೇಣಿಗೇರಿಸಿದ ಒಬ್ಬನ ಶವವನ್ನು ಕೊಯ್ದು ನೋಡುವಾಗ ಗ್ರಂಥಿಯ ಉದ್ದಕ್ಕೂ ಹರಿಯುವ ಒಂದು ನಾಳವನ್ನು ಕಂಡ. ತಾಮ್ರದ ತಗಡಿನ ಮೇಲೆ ಅದರ ಚಿತ್ರ ಕೊರೆಸಿ, ಅಚ್ಚು ತೆಗೆದು, ಇದೇನಿರಬಹುದು ಹೇಳಿ ಎಂದು ಯುರೋಪಿನ ಪಂಡಿತರಿಗೆ ಕಳಿಸಿದ. ಉತ್ತರ ತಿಳಿಯುವ ಮೊದಲೇ, ಮರುವರ್ಷ, ಅವನ ಕೊಲೆಯಾಯಿತು. ಇನ್ನೂ ಹತ್ತು ವರ್ಷದೊಳಗೆ, 1652ರಲ್ಲಿ, ಆಮ್‌ಸ್ಟರ್‌ಡಾಮಿನ ನಿಕೊಲಾಸ್ ಟುಲ್ಪ್ ಈ ಗ್ರಂಥಿ ಕೆಟ್ಟು ಸತ್ತ ರೋಗಿಯ ವಿವರ ಬರೆದ. ರೆಂಬ್ರಾಂಟನ ಪ್ರಸಿದ್ಧ ಚಿತ್ರದಲ್ಲಿ ಶವದ ತೋಳಿನ ಸ್ನಾಯು ಎತ್ತಿ ತೋರಿಸುತ್ತ ಕೂತಿರುವ ವೈದ್ಯ ಇವನೇ.

ಅದಾದ ಮೇಲೆ ಎರಡು ನೂರು ವರ್ಷ ಈ ಕಾಯಿಲೆ ಗೊತ್ತಾಗುತ್ತಿದ್ದದ್ದು ಸತ್ತ ಮೇಲೆಯೇ. 1856ರಲ್ಲಿ ಕ್ಲೋಡ್ ಬರ್ನಾರ್ ನಾಯಿಯ ಮೇದೋಜೀರಕ ನಾಳಕ್ಕೆ ಪಿತ್ತರಸ ಹೊಗಿಸಿ ಉರಿಯೂತ ಬರಿಸಿ ತೋರಿಸಿದ. 1896ರಲ್ಲಿ ಹಾನ್ಸ್ ಕಿಯಾರಿ ಇನ್ನೂ ಭಯಂಕರವಾದ ಮಾತು ಹೇಳಿದ: ಊಟ ಅರಗಿಸಬೇಕಾದ ಗ್ರಂಥಿ ಇಲ್ಲಿ ತನ್ನನ್ನೇ ಅರಗಿಸಿಕೊಳ್ಳುತ್ತದೆ. 1901ರಲ್ಲಿ ಯೂಜೀನ್ ಓಪಿ, ಪಿತ್ತಕೋಶದ ಒಂದು ಸಣ್ಣ ಕಲ್ಲು ನಾಳಗಳ ಬಾಯಿಗೆ ಬಂದು ಸಿಕ್ಕಿಕೊಂಡದ್ದನ್ನು ಶವಪರೀಕ್ಷೆಯಲ್ಲಿ ಕಂಡು ಕಾರಣ ಹೇಳಿದ. ನಮ್ಮಣ್ಣನ ಕಾಯಿಲೆಯ ಕಾರಣವೂ ಅದೇ. ಮಂಡಕ್ಕಿ ಕಾಳಿನಷ್ಟೂ ಇಲ್ಲದ ಕಲ್ಲು.

ಕಾಯಿಲೆಯನ್ನು ವಿಂಗಡಿಸುವ ಕೆಲಸ ಶುರು ಮಾಡಿದವನು ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್. 1889ರಲ್ಲಿ ಅವನು ಅದನ್ನು ಮೂರು ಬಗೆಯೆಂದ: ರಕ್ತಸ್ರಾವದ್ದು, ಕೀವಿನದ್ದು, ಕೊಳೆತದ್ದು. ಮೊದಮೊದಲ ದಿನಗಳಲ್ಲೇ ಹೊಟ್ಟೆ ಕೊಯ್ಯುವುದು ಅಪಾಯವೆಂದೂ ಎಚ್ಚರಿಸಿದ. ನೂರು ವರ್ಷ ಕಳೆದ ಮೇಲೆ ನಮ್ಮ ಮನೆಗೆ ಬಂದ ಪ್ರಶ್ನೆಯೂ ಅದೇ ಆಗಿತ್ತು. 1929ರ ಹೊತ್ತಿಗೆ ರಕ್ತದಲ್ಲಿ ಅಮೈಲೇಸ್ ಅಳೆಯುವ ಪರೀಕ್ಷೆ ಈ ಕಾಯಿಲೆಗೆ ಬಳಕೆಗೆ ಬಂತು. ಹೊಟ್ಟೆ ತೆರೆಯದೆಯೇ ಕಾಯಿಲೆ ಇದೆಯೆಂದು ಹೇಳಬಹುದಾಯಿತು. ಎಷ್ಟಿದೆ, ಎಲ್ಲಿದೆ, ಗ್ರಂಥಿಯ ಎಷ್ಟು ಭಾಗ ಸತ್ತಿದೆ ಎಂದು ಮಾತ್ರ ಹೇಳಲಾಗುತ್ತಿರಲಿಲ್ಲ.

1895ರ ನವೆಂಬರಿನಲ್ಲಿ ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದಿದ್ದನಲ್ಲ, ಅದರಿಂದ ಆಗಲಿಲ್ಲವೇ ಎಂದು ಕೇಳಬಹುದು. ಮೂಳೆ ಕಾಣುವ ಹಾಗೆ ಈ ಮೆದು ಗ್ರಂಥಿ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಆದರೆ ಎಕ್ಸ್-ರೇಯ ಜೊತೆಗೆ ಹುಟ್ಟಿದ ಇನ್ನೊಂದು ಸಂಗತಿ ನಮ್ಮ ಕತೆಗೆ ಮುಖ್ಯ. ಅದು ರಿಪೋರ್ಟು. ಚಿತ್ರ ನೋಡಿದವನು ಒಬ್ಬ, ಚಿಕಿತ್ಸೆ ಕೊಡುವವನು ಇನ್ನೊಬ್ಬ ಎಂದಾದಾಗ ಇಬ್ಬರ ನಡುವೆ ಒಂದು ಚೀಟಿ ಬೇಕಾಯಿತು. ಆ ಚೀಟಿಯಲ್ಲಿ ಒಬ್ಬೊಬ್ಬರೂ ತಮಗೆ ತೋಚಿದ ಹಾಗೆ ಬರೆಯುತ್ತಿದ್ದರು. 1922ರಲ್ಲೇ ಅಮೆರಿಕದ ಪ್ರೆಸ್ಟನ್ ಹಿಕಿ ಎಂಬ ವೈದ್ಯ ಎಕ್ಸ್-ರೇ ರಿಪೋರ್ಟುಗಳಿಗೆ ಒಂದು ಸಮಾನ ಕ್ರಮ, ಸಮಾನ ಪದಗಳು ಬೇಕೆಂದು ಲೇಖನ ಬರೆದ. ಆ ಮಾತು ಹೇಳಿ ನೂರು ವರ್ಷ ದಾಟಿದೆ. ಕೆಲಸ ಇನ್ನೂ ಮುಗಿದಿಲ್ಲ.

1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡನ ಯಂತ್ರ ಒಬ್ಬ ರೋಗಿಯ ತಲೆಯ ಮೊದಲ ಸಿ.ಟಿ. ಸ್ಕ್ಯಾನ್ ತೆಗೆಯಿತು. ಕೆಲವೇ ವರ್ಷಗಳಲ್ಲಿ ಯಂತ್ರ ತಲೆಯಿಂದ ಹೊಟ್ಟೆಗೆ ಇಳಿಯಿತು. ಬದುಕಿರುವವನ ಮೇದೋಜೀರಕ ಗ್ರಂಥಿ ಮೊದಲ ಸಲ ಹೋಳು ಹೋಳಾಗಿ ಕಂಡಿತು. ನರಕ್ಕೆ ಬಣ್ಣದ ಔಷಧಿ ಕೊಟ್ಟು ಚಿತ್ರ ತೆಗೆದರೆ ರಕ್ತ ಹರಿಯುವ ಜೀವಂತ ಭಾಗ ಬೆಳ್ಳಗೆ ಹೊಳೆಯುತ್ತದೆ, ಸತ್ತ ಭಾಗ ಬೂದಿ ಬಣ್ಣದಲ್ಲೇ ಉಳಿಯುತ್ತದೆ. 1985ರಲ್ಲಿ ನ್ಯೂಯಾರ್ಕಿನ ಎಮಿಲ್ ಬಾಲ್ತಜಾರ್ ಮತ್ತು ಜೊತೆಗಾರರು 83 ರೋಗಿಗಳ ಸ್ಕ್ಯಾನ್ ನೋಡಿ ಎ ಯಿಂದ ಇ ವರೆಗೆ ಐದು ದರ್ಜೆ ಮಾಡಿದರು. 1990ರಲ್ಲಿ ಸತ್ತ ಭಾಗದ ಪ್ರಮಾಣವನ್ನೂ ಸೇರಿಸಿ ಹತ್ತು ಅಂಕಗಳ ಲೆಕ್ಕ ಕಟ್ಟಿದರು. ಮೂರರೊಳಗೆ ಅಂಕ ಬಂದವರಲ್ಲಿ ಸತ್ತವರು ನೂರಕ್ಕೆ 3, ಏಳು ಅಥವಾ ಅದಕ್ಕೂ ಹೆಚ್ಚು ಬಂದವರಲ್ಲಿ ನೂರಕ್ಕೆ 17. ಚಿತ್ರವೊಂದು ಅಂಕೆಯಾಗಿ ಒಂದೂರಿನಿಂದ ಇನ್ನೊಂದೂರಿಗೆ ಹೋಗುವ ಹಾಗಾಯಿತು.

ಅಂಕೆ ಒಂದಾಯಿತು, ಪದಗಳು ಒಂದಾಗಲಿಲ್ಲ. 1963ರಲ್ಲಿ ಫ್ರಾನ್ಸಿನ ಮಾರ್ಸೆಯಲ್ಲಿ ವೈದ್ಯರು ಸೇರಿ ಹೆಸರುಗಳನ್ನು ಗೊತ್ತು ಮಾಡಿದರು. 1983ರಲ್ಲಿ ಕೇಂಬ್ರಿಡ್ಜಿನಲ್ಲಿ ಸೇರಿದರು, ಮರುವರ್ಷ ಮತ್ತೆ ಮಾರ್ಸೆಯಲ್ಲಿ. 1992ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ 15 ದೇಶಗಳ 40 ಪರಿಣತರು ಮೂರು ದಿನ ಕೂತು ಒಂದು ಪದಕೋಶವನ್ನೇ ಮಾಡಿದರು. ಫ್ಲೆಗ್ಮನ್ ಎಂಬ ಪದಕ್ಕೆ ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತಾರೆ, ಅದನ್ನು ಬಿಟ್ಟುಬಿಡಿ ಎಂದರು. ಆ ಪದ ಇಷ್ಟು ವರ್ಷಗಳಾದ ಮೇಲೂ ನಮ್ಮಣ್ಣನ ಎರಡನೆಯ ರಿಪೋರ್ಟಿನಲ್ಲಿ ಬದುಕಿತ್ತು. ಒಮ್ಮೆ ನಾಲಿಗೆಗೆ ಹತ್ತಿದ ಪದ ಸಭೆಯ ನಿರ್ಣಯಕ್ಕೆ ಹೆದರುವುದಿಲ್ಲ.

ಅಟ್ಲಾಂಟಾದ ಪದಕೋಶ ಎಷ್ಟರ ಮಟ್ಟಿಗೆ ಕೆಲಸ ಮಾಡಿತು ಎಂದು ನೆದರ್‌ಲ್ಯಾಂಡ್ಸಿನವರು ಪರೀಕ್ಷಿಸಿದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ನಾನು ಎರಡು ಸಲ ಓದಿದೆ, ನಂಬಿಕೆ ಬರಲಿಲ್ಲ. 70 ರೋಗಿಗಳ ಸ್ಕ್ಯಾನುಗಳು. ಹೊಟ್ಟೆಯ ಚಿತ್ರ ಓದುವುದರಲ್ಲೇ ಪಳಗಿದ ಐದು ಜನ ರೇಡಿಯಾಲಜಿಸ್ಟರು. ಒಬ್ಬರಿಗೊಬ್ಬರು ಕೇಳದೆ ಅಟ್ಲಾಂಟಾದ ಪದಗಳಲ್ಲಿ ಒಂದನ್ನು ಆರಿಸಿ ಹೇಳಬೇಕು. ಐದೂ ಜನ ಒಂದೇ ಪದ ಹೇಳಿದ್ದು 70ರಲ್ಲಿ 3 ಸ್ಕ್ಯಾನುಗಳಿಗೆ ಮಾತ್ರ.

ಇದನ್ನು ಓದಿದಾಗ ನನಗೆ ಕಾರ್ಣಿಕದ ನೆನಪಾಯಿತು. ಗೊರವಯ್ಯ ನುಡಿಯುವುದು ಒಂದೇ ಮಾತು. ಮಳೆ ಚೆನ್ನಾಗಿ ಆಗುತ್ತದೆ ಎಂದು ರೈತ ಅರ್ಥ ಮಾಡುತ್ತಾನೆ, ಸರ್ಕಾರ ಬೀಳುತ್ತದೆ ಎಂದು ಪುಢಾರಿ, ದರ ಏರುತ್ತದೆ ಎಂದು ದಲಾಲಿ. ಕಾರ್ಣಿಕಕ್ಕೆ ಅದೇ ಸೊಗಸು. ಸ್ಕ್ಯಾನ್ ರಿಪೋರ್ಟಿನ ಕೊನೆಯ ಸಾಲು ಹಾಗಿದ್ದರೆ ಅದನ್ನು ಓದಿ ಕತ್ತಿ ಎತ್ತಿಕೊಳ್ಳುವ ಸರ್ಜನ್ ಏನು ಮಾಡಬೇಕು?

ನಮ್ಮಲ್ಲಿ ಆದದ್ದು ಅದೇ. ಮೊದಲ ಊರಿನಲ್ಲಿ ನೋವಿನ ಎರಡನೆಯ ದಿನ ಸ್ಕ್ಯಾನ್ ಆಯಿತು. ಗ್ರಂಥಿಯ ಸುತ್ತ ನೀರು ಕಂಡಿತು, ಸೂಡೋಸಿಸ್ಟ್ ಎಂದು ಬರೆದರು. ಗ್ಲೂಕೋಸ್, ನೋವಿನ ಔಷಧಿ ಕೊಟ್ಟರು. ಜ್ವರ ಇಳಿಯಲಿಲ್ಲ. ಇನ್ನೊಂದು ಊರಿಗೆ ಕರೆದುಕೊಂಡು ಹೋದೆವು. ಹನ್ನೆರಡನೆಯ ದಿನ ಎರಡನೆಯ ಸ್ಕ್ಯಾನ್. ಆಬ್ಸೆಸ್, ಎಂದರೆ ಕೀವುಗಟ್ಟಿದ ಗಡ್ಡೆ, ಇರಬಹುದು ಎಂದಿತು ರಿಪೋರ್ಟು. ಕೀವಾದರೆ ಕೊಯ್ದು ತೆಗೆಯಬೇಕು. ಅಣ್ಣನ ಮಗ ಆಪರೇಷನ್ ಕಾಗದಕ್ಕೆ ಸಹಿ ಹಾಕಿದ. ಹೊಲದ ಮೇಲೆ ಕೈಸಾಲ ಮಾಡಿ ದುಡ್ಡೂ ಹೊಂದಿಸಿದ. ರಾತ್ರಿ ಡ್ಯೂಟಿಗೆ ಬಂದ ಹಿರಿಯ ಸರ್ಜನ್ ಫಿಲ್ಮುಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಈಗ ಕೈ ಹಾಕಿದ್ರೆ ಎಲ್ಲಾ ಬೆಣ್ಣೆ ಹಂಗೆ ಹರಿದು ಬರ್ತೈತಿ, ರಕ್ತ ನಿಲ್ಲಲ್ಲ. ಕಾಯೋಣ" ಎಂದರು. ಆ ಒಂದು ಮಾತು ನಮ್ಮ ಮನೆಯನ್ನು ಉಳಿಸಿತು. ಆದರೆ ಅದು ಅವರ ಅನುಭವದ ಮಾತು, ರಿಪೋರ್ಟಿನ ಮಾತಲ್ಲ. ಅವತ್ತು ಬೇರೆ ಯಾರಾದರೂ ಡ್ಯೂಟಿಯಲ್ಲಿದ್ದಿದ್ದರೆ?

ಇಲ್ಲಿ ಸ್ವಲ್ಪ ನಿಂತು ನಮ್ಮ ಸೀಮೆಯದೇ ಒಂದು ಹಳೆಯ ಸಂಗತಿ ಹೇಳುತ್ತೇನೆ. ಹರಪನಹಳ್ಳಿ ಹತ್ತಿರದ ಬಾಗಳಿಯ ಕಲ್ಲೇಶ್ವರ ಗುಡಿಗೆ ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಹಲವು ಶಾಸನಗಳಿವೆ. ನಮ್ಮ ಕಡೆಯ ದಾನಶಾಸನಗಳನ್ನು ಓದಿದವರಿಗೆ ಗೊತ್ತು, ಅವುಗಳಿಗೆ ಒಂದು ಕಟ್ಟುಪಾಡಿದೆ. ಯಾರ ಆಳ್ವಿಕೆ, ಯಾವ ಶಕವರ್ಷ, ಯಾವ ಸಂವತ್ಸರ, ತಿಂಗಳು, ತಿಥಿ, ವಾರ. ಯಾರು ಯಾರಿಗೆ ಏನು ಕೊಟ್ಟರು. ಭೂಮಿಯಾದರೆ ಎಷ್ಟು ಮತ್ತರು, ಎಷ್ಟು ಕಮ್ಮ, ಯಾವ ಕೋಲಿನಲ್ಲಿ ಅಳೆದದ್ದು, ನಾಲ್ಕು ದಿಕ್ಕಿನ ಗಡಿ ಯಾವುದು. ಕೊನೆಗೆ ಇದನ್ನು ಅಳಿಸಿದವನಿಗೆ ಶಾಪ. ಬರೆದ ಕವಿ ಎಷ್ಟೇ ದೊಡ್ಡವನಿರಲಿ, ರಾಜನ ಹೊಗಳಿಕೆಯಲ್ಲಿ ಎಷ್ಟೇ ಹಾರಾಡಲಿ, ತಿಥಿ ಮತ್ತು ಗಡಿಯ ಹತ್ತಿರ ಬಂದಾಗ ನೆಲಕ್ಕಿಳಿಯಲೇಬೇಕು. ಏಕೆಂದರೆ ಜಗಳ ಬಂದಾಗ ಓದುವುದು ಆ ಭಾಗವನ್ನೇ. ಓದುವವನು ನೂರು ವರ್ಷ ಆಮೇಲೆ ಬರುವ ಅಪರಿಚಿತ.

ಶಾಸನಗಳಲ್ಲೂ ಒಂದು ತೊಡಕಿತ್ತು. ಅಳೆಯುವ ಕೋಲು ಊರಿಗೊಂದು. ಮತ್ತರು ಎಂಬ ಪದ ಒಂದೇ, ಕೋಲು ಬದಲಾದರೆ ಮತ್ತರಿನ ಅಳತೆ ಬೇರೆ. 1800ರಲ್ಲಿ ನಿಜಾಮನಿಂದ ಈ ಸೀಮೆ ಕಂಪನಿಗೆ ಬಂದಾಗ ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದ, 1807ರವರೆಗೆ ಇದ್ದ. ಅವನು ಮಾಡಿಸಿದ ಭೂಮಾಪನದಲ್ಲಿ 33 ಅಡಿಯ ಒಂದೇ ಸರಪಳಿ. ಸರಪಳಿ ಉದ್ದ, ಸರಪಳಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ನಮ್ಮ ಪಹಣಿಗಳಲ್ಲಿ ಇವತ್ತಿಗೂ ಇರುವ ಲೆಕ್ಕ ಅದೇ. ಮನ್ರೋ ಅಳೆಸಿದ್ದು ಕಂದಾಯ ಹೆಚ್ಚು ಪಡೆಯಲು, ನಮ್ಮ ಉದ್ಧಾರಕ್ಕಲ್ಲ. ಆದರೂ ಕೂಡ್ಲಿಗಿಯ ಎಕರೆ, ಹಡಗಲಿಯ ಎಕರೆ ಒಂದೇ ಆದದ್ದು ಆಗಿನಿಂದ. ಸಂತೆಯ ಸೇರು ಒಂದಾಗಲು ಇನ್ನೂ ನೂರೈವತ್ತು ವರ್ಷ ಬೇಕಾಯಿತು. 1956ರ ಕಾನೂನು ಬಂದು ಕಿಲೋ, ಲೀಟರು ಕಡ್ಡಾಯವಾದ ಮೇಲೂ ನಮ್ಮಜ್ಜಿ ಜೋಳ ಅಳೆಯುತ್ತಿದ್ದದ್ದು ತನ್ನ ಸೇರಿನಲ್ಲೇ.

ಸಿ.ಟಿ. ಸ್ಕ್ಯಾನಿನ ಸರಪಳಿ ಬಂದದ್ದು 2012ರಲ್ಲಿ. ಅಟ್ಲಾಂಟಾದ ಪದಕೋಶವನ್ನು ಪೀಟರ್ ಬ್ಯಾಂಕ್ಸ್ ಮತ್ತು ಜೊತೆಗಾರರು, ಜಗತ್ತಿನ ಹನ್ನೊಂದು ವೈದ್ಯ ಸಂಘಗಳ ಅಭಿಪ್ರಾಯ ಕೇಳಿ, ಮತ್ತೆ ಬರೆದರು. ಆಬ್ಸೆಸ್ ಎಂಬ ಪದವನ್ನೂ ಕೈಬಿಟ್ಟರು. ಗ್ರಂಥಿಯ ಸುತ್ತ ಕಟ್ಟಿಕೊಳ್ಳುವ ನೀರಿಗೆ ನಾಲ್ಕೇ ಹೆಸರು ಉಳಿದವು. ನಾಲ್ಕಕ್ಕೂ ಎರಡೇ ಪ್ರಶ್ನೆ. ಮೊದಲನೆಯದು, ಅಂಗಾಂಶ ಸತ್ತಿದೆಯೇ, ಇಲ್ಲವೇ? ಎರಡನೆಯದು, ನೋವು ಶುರುವಾಗಿ ನಾಲ್ಕು ವಾರ ಕಳೆದಿದೆಯೇ, ಇಲ್ಲವೇ? ಸತ್ತಿಲ್ಲ, ನಾಲ್ಕು ವಾರವೂ ಆಗಿಲ್ಲ ಎಂದರೆ ಅದು ಬರೀ ನೀರು, ಅಕ್ಯೂಟ್ ಫ್ಲೂಯಿಡ್ ಕಲೆಕ್ಷನ್. ಬಹುಪಾಲು ತಾನಾಗಿ ಇಂಗುತ್ತದೆ. ಇಂಗದೆ ನಾಲ್ಕು ವಾರ ಉಳಿದು ಸುತ್ತ ಗೋಡೆ ಕಟ್ಟಿಕೊಂಡರೆ ಸೂಡೋಸಿಸ್ಟ್. ಅಂಗಾಂಶ ಸತ್ತಿದ್ದರೆ, ನಾಲ್ಕು ವಾರದೊಳಗೆ ಅಕ್ಯೂಟ್ ನೆಕ್ರೋಟಿಕ್ ಕಲೆಕ್ಷನ್, ಆಮೇಲೆ ಗೋಡೆ ಕಟ್ಟಿದರೆ ವಾಲ್ಡ್ ಆಫ್ ನೆಕ್ರೋಸಿಸ್. ನಾಲ್ಕರಲ್ಲಿ ಯಾವುದಕ್ಕಾದರೂ ಸೋಂಕು ತಗಲಬಹುದು; ಒಳಗೆ ಗಾಳಿಯ ಗುಳ್ಳೆ ಕಂಡರೆ ಅದರ ಗುರುತು.

ಈ ಲೆಕ್ಕದಲ್ಲಿ ಅಣ್ಣನ ಮೊದಲ ರಿಪೋರ್ಟು ಆಗಲೇ ತಪ್ಪು. ಎರಡನೆಯ ದಿನ ಸೂಡೋಸಿಸ್ಟ್ ಇರಲು ಸಾಧ್ಯವೇ ಇಲ್ಲ. ಇದು ಪದಗಳ ಮಡಿವಂತಿಕೆ ಅನ್ನಿಸಬಹುದು. ಹಾಗಲ್ಲ. ಸೂಡೋಸಿಸ್ಟಿನೊಳಗೆ ತಿಳಿ ನೀರಿರುತ್ತದೆ, ಸಣ್ಣ ನಳಿಗೆ ಇಟ್ಟರೆ ಹರಿದು ಹೋಗುತ್ತದೆ. ನೆಕ್ರೋಸಿಸ್‌ನೊಳಗೆ ಸತ್ತ ಮಾಂಸದ ಗಡ್ಡೆಗಳಿರುತ್ತವೆ. ಅದನ್ನು ಸೂಡೋಸಿಸ್ಟ್ ಎಂದುಕೊಂಡು ಸಣ್ಣ ನಳಿಗೆ ಇಟ್ಟರೆ ನಳಿಗೆ ಕಟ್ಟಿಕೊಂಡು ಒಳಗೆ ಸೋಂಕು ಹಬ್ಬುತ್ತದೆ. ಗೋಡೆ ಕಟ್ಟುವ ಮೊದಲೇ ಕೊಯ್ದರೆ ಎಲ್ಲಿ ಸತ್ತದ್ದು, ಎಲ್ಲಿ ಬದುಕಿದ್ದು ಎಂದು ಕೈಗೆ ತಿಳಿಯುವುದಿಲ್ಲ. 2010ರಲ್ಲಿ ಡಚ್ಚರು 88 ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಮೊದಲು ನಳಿಗೆ ಇಟ್ಟು ನೋಡಿ, ಸಾಲದಿದ್ದರೆ ಮಾತ್ರ ಮುಂದಿನ ಹೆಜ್ಜೆ ಇಟ್ಟ ಗುಂಪಿನಲ್ಲಿ ನೂರಕ್ಕೆ 35 ಜನರಿಗೆ ನಳಿಗೆಯೇ ಸಾಕಾಯಿತು. ಕೊಯ್ಯುವ ಅಗತ್ಯವೇ ಬರಲಿಲ್ಲ. ಕಾಯುವುದೂ ಒಂದು ಚಿಕಿತ್ಸೆ ಎಂದಾದ ಮೇಲೆ ದಿನದ ಎಣಿಕೆ ಔಷಧಿಯಷ್ಟೇ ಮುಖ್ಯ.

2012ರ ಪದಕೋಶವನ್ನು ಎಲ್ಲರೂ ಒಪ್ಪಿದರು ಎಂದಲ್ಲ. ಅದಕ್ಕೆ ಎದುರಾಗಿ ಇನ್ನೊಂದು ವಿಂಗಡಣೆ ಅದೇ ವರ್ಷ ಬಂತು. ಅದರ ಚರ್ಚೆ ನಡೆದದ್ದು 2011ರಲ್ಲಿ ಕೊಚ್ಚಿಯಲ್ಲಿ ಸೇರಿದ ಮೇದೋಜೀರಕ ತಜ್ಞರ ವಿಶ್ವ ಸಮ್ಮೇಳನದಲ್ಲಿ. ಅದು ಕಾಯಿಲೆಯ ತೀವ್ರತೆಯನ್ನು ಮೂರರ ಬದಲು ನಾಲ್ಕು ಮೆಟ್ಟಿಲು ಮಾಡಿತು. ಸೋಂಕು ಮತ್ತು ಬೇರೆ ಅಂಗಗಳ ಸೋಲು ಎರಡೂ ಸೇರಿದರೆ ಅದೇ ಎಲ್ಲಕ್ಕಿಂತ ಮೇಲಿನ ಅಪಾಯ ಎಂದಿತು. ಯಾವುದು ಮೇಲು ಎಂಬ ವಾದ ತಜ್ಞರದು. ನಮ್ಮಂಥವರಿಗೆ ಬೇಕಾದದ್ದು, ಎರಡೂ ಊರಿನವರು ಒಂದೇ ಸರಪಳಿ ಹಿಡಿದಿದ್ದಾರೆಯೇ ಎಂಬುದು.

ಪದ ಗೊತ್ತುಮಾಡಿದರೆ ಸಾಲದು, ಏನೇನು ಬರೆಯಲೇಬೇಕು ಎಂಬ ಪಟ್ಟಿಯೂ ಬೇಕು. ಸ್ತನದ ಎಕ್ಸ್-ರೇಗೆ ಅಂಥದ್ದೊಂದು ಕ್ರಮ ಅಮೆರಿಕದಲ್ಲಿ 1993ರಲ್ಲೇ ಬಂದಿತ್ತು. ಈಗ ಅದು ನಮ್ಮ ಊರುಗಳ ರಿಪೋರ್ಟುಗಳಲ್ಲೂ ಕಾಣುತ್ತದೆ. ಮೇದೋಜೀರಕಕ್ಕೂ ರೇಡಿಯಾಲಜಿಸ್ಟರು ಅಂಥ ನಮೂನೆಗಳನ್ನು ಮಾಡಿದ್ದಾರೆ. ನೋವು ಶುರುವಾದ ದಿನ ಯಾವುದು, ಸ್ಕ್ಯಾನ್ ಎಷ್ಟನೆಯ ದಿನದ್ದು. ಬಣ್ಣದ ಔಷಧಿ ಕೊಟ್ಟಿದೆಯೇ. ಗ್ರಂಥಿಯ ಎಷ್ಟು ಪಾಲು ಸತ್ತಿದೆ, ತಲೆಯಲ್ಲೋ, ನಡುವಿನಲ್ಲೋ, ಬಾಲದಲ್ಲೋ. ನೀರು ಎಲ್ಲೆಲ್ಲಿ, ಎಷ್ಟು ಸೆಂಟಿಮೀಟರು, ಗೋಡೆ ಕಟ್ಟಿದೆಯೇ, ಒಳಗೆ ಗಡ್ಡೆ ಇದೆಯೇ, ಗಾಳಿ ಇದೆಯೇ. ಪಿತ್ತಕೋಶದಲ್ಲಿ ಕಲ್ಲಿದೆಯೇ. ಗುಲ್ಮದ ರಕ್ತನಾಳ ಹೆಪ್ಪುಗಟ್ಟಿದೆಯೇ, ಅಪಧಮನಿ ಎಲ್ಲಾದರೂ ಉಬ್ಬಿದೆಯೇ. ಎದೆಯಲ್ಲಿ ನೀರು ತುಂಬಿದೆಯೇ. ಹಿಂದಿನ ಸ್ಕ್ಯಾನಿಗೂ ಇದಕ್ಕೂ ಏನು ವ್ಯತ್ಯಾಸ. ಓದುತ್ತ ಹೋದಂತೆ ನನಗೆ ಬಾಗಳಿಯ ಶಾಸನವೇ ಕಣ್ಣ ಮುಂದೆ ಬಂತು: ತಿಥಿ, ಅಳತೆ, ನಾಲ್ಕು ದಿಕ್ಕಿನ ಗಡಿ.

ಇದಕ್ಕೆ ಆಕ್ಷೇಪಣೆಗಳೂ ಇವೆ, ಅವು ಸುಳ್ಳಲ್ಲ. ಪರಿಚಯದ ರೇಡಿಯಾಲಜಿಸ್ಟರೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕರು. "ಮೇಷ್ಟ್ರೇ, ದಿನಕ್ಕೆ ಎಷ್ಟು ಸ್ಕ್ಯಾನ್ ಓದ್ತೀವಿ ಗೊತ್ತೇನ್ರಿ? ಖಾನೆ ತುಂಬೋಕೆ ಶುರು ಮಾಡಿದ್ರೆ ಕಣ್ಣು ಖಾನೆ ಮೇಲೆ ಇರ್ತೈತಿ, ಚಿತ್ರದ ಮೇಲೆ ಇರಲ್ಲ. ಖಾನೆಯಲ್ಲಿ ಇಲ್ಲದ್ದು ಕಣ್ಣಿಗೆ ಬೀಳಲ್ಲ" ಎಂದರು. ನಮೂನೆ ಎಷ್ಟೇ ಚೆನ್ನಾಗಿರಲಿ, ಕಾಯಿಲೆ ತನ್ನ ಹೊತ್ತಿಗೆ ಮೊದಲು ಮುಖ ತೋರಿಸುವುದಿಲ್ಲ. ಮೊದಲೆರಡು ದಿನದ ಸ್ಕ್ಯಾನಿನಲ್ಲಿ ಸತ್ತ ಭಾಗ ಸರಿಯಾಗಿ ಕಾಣುವುದೇ ಇಲ್ಲ. ಕಿಡ್ನಿ ಸೋತವನಿಗೆ ಬಣ್ಣದ ಔಷಧಿ ಕೊಡಲು ಹೆದರುತ್ತಾರೆ. ಅದಿಲ್ಲದ ಚಿತ್ರದಲ್ಲಿ ಸತ್ತದ್ದು, ಬದುಕಿದ್ದು ಬೇರೆಯಾಗುವುದಿಲ್ಲ. ಅವರ ಮಾತು ನನಗೆ ಒಪ್ಪಿಗೆಯಾಯಿತು. ಶಾಸನದಲ್ಲೂ ಕವಿಗೆ ಜಾಗವಿತ್ತು. ಖಾನೆಗಳ ಕೆಳಗೆ ನಾಲ್ಕು ಸಾಲು ಬಿಡುವಿರಲಿ, ಕಂಡದ್ದನ್ನು ಬರೆಯಲಿ. ಆದರೆ ತಿಥಿ ಬಿಡಬಾರದು. "ತಿಥಿ ನಮಗೆ ಕೊಡೋರ್ಯಾರು?" ಎಂದರು ಅವರು. "ಚೀಟಿ ಮೇಲೆ ಹೊಟ್ಟೆನೋವು ಅಂತ ಒಂದು ಪದ ಬರೆದು ಕಳಿಸ್ತಾರೆ." ಈಗ ಒಂದೂರಿನಲ್ಲಿ ತೆಗೆದ ಚಿತ್ರವನ್ನು ಬೇರೆಲ್ಲೋ ಕೂತವರು ಕಂಪ್ಯೂಟರಿನಲ್ಲಿ ಓದಿ ರಿಪೋರ್ಟು ಕಳಿಸುವುದೂ ಉಂಟು. ಅವರು ರೋಗಿಯ ಮುಖ ನೋಡುವುದಿಲ್ಲ. ಅವರಿಗೆ ಸಿಗುವುದು ಚಿತ್ರ ಮತ್ತು ಆ ಒಂದು ಪದ.

ಮೂರನೆಯ ಊರಿನಲ್ಲಿ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಸ್ಕ್ಯಾನ್ ಕೋಣೆಯಿಂದ ರೇಡಿಯಾಲಜಿಸ್ಟರು ತಾವೇ ಹೊರಗೆ ಬಂದು, "ಇವರ ಕಡೆಯವರು ಯಾರು?" ಎಂದರು. ಎದ್ದು ನಿಂತೆವು. "ನೋವು ಶುರುವಾದದ್ದು ಯಾವತ್ತು?" ಚೀಲದಲ್ಲಿದ್ದ ಕಾಗದಗಳಲ್ಲಿ ಒಂದೊಂದು ಆಸ್ಪತ್ರೆಗೆ ಸೇರಿದ ದಿನವಿತ್ತು, ಬಿಟ್ಟ ದಿನವಿತ್ತು. ನೋವು ಬಂದ ದಿನ ಎಲ್ಲೂ ಇರಲಿಲ್ಲ. ಅಣ್ಣನ ಮಗ, "ಮೂರು ವಾರ ಆಗಿರಬೇಕು ಸರ್" ಎಂದ. ಇತಿಹಾಸದ ಮೇಷ್ಟ್ರು ನಾನು, ತಾರೀಖು ಬಾಯಿಪಾಠ ಮಾಡಿಸಿದವನು, ನನಗೂ ನೆನಪಾಗಲಿಲ್ಲ. ಮೂಲೆಯಲ್ಲಿ ಕೂತಿದ್ದ ಅತ್ತಿಗೆ, "ಮೈಲಾರದ ಕಾರ್ಣಿಕದ ರಾತ್ರಿ ರೀ" ಎಂದರು. ಡಾಕ್ಟರು ಫೋನಿನಲ್ಲಿ ಕ್ಯಾಲೆಂಡರು ತೆಗೆದರು. ಅತ್ತಿಗೆ ಬೆರಳ ಗೆಣ್ಣಿನ ಮೇಲೆ ಎಣಿಸಿದರು. ಇಬ್ಬರ ಲೆಕ್ಕವೂ ಒಂದೇ ಬಂತು: ಮೂವತ್ತಮೂರನೆಯ ದಿನ. ನಾಲ್ಕು ವಾರ ದಾಟಿತ್ತು. ಗೋಡೆ ಕಟ್ಟಿತ್ತು. ಒಳಗಿದ್ದದ್ದು ಸತ್ತ ಮಾಂಸ. ರಿಪೋರ್ಟಿನ ಮೊದಲ ಸಾಲಿನಲ್ಲೇ ಅವರು ಅದನ್ನು ಬರೆದರು, ನೋವಿನ ಮೂವತ್ತಮೂರನೆಯ ದಿನ ಎಂದು. ಮೂರು ರಿಪೋರ್ಟುಗಳಲ್ಲಿ ದಿನ ಬರೆದದ್ದು ಅದೊಂದೇ.

ಮರುದಿನ ಹೊಟ್ಟೆ ಕೊಯ್ಯದೆ, ಬಾಯಿಂದ ಕೊಳವೆ ಇಳಿಸಿ, ಜಠರದ ಗೋಡೆಯ ಮೂಲಕ ದಾರಿ ಮಾಡಿ ಒಳಗಿದ್ದದ್ದನ್ನು ಹೊರಗೆ ಹರಿಸಿದರು. ಒಂದು ಸಲಕ್ಕೆ ಮುಗಿಯಲಿಲ್ಲ, ಮೂರು ಸಲ ಹೋಗಬೇಕಾಯಿತು. ಆಮೇಲೆ ಪಿತ್ತಕೋಶ ತೆಗೆದರು. ಅಣ್ಣ ಈಗ ಮೆಕ್ಕೆಜೋಳದ ಹೊಲಕ್ಕೆ ಹೋಗುತ್ತಾನೆ, ಮಿರ್ಚಿ ಬಿಟ್ಟಿದ್ದಾನೆ. ಸಕ್ಕರೆ ಕಾಯಿಲೆ ಉಳಿದುಕೊಂಡಿತು. ಗ್ರಂಥಿಯ ಸತ್ತ ಭಾಗ ತಿರುಗಿ ಬರುವುದಿಲ್ಲ. ಹೊಲದ ಕೈಸಾಲ ಇನ್ನೂ ತೀರಿಲ್ಲ.

ಮೊದಲ ಎರಡು ರಿಪೋರ್ಟು ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕಲಿತ ಪದ ಅವರು ಬರೆದರು. ಕಂಡದ್ದನ್ನು ಕಂಡಂತೆ ಬರೆಯಲು ಕಣ್ಣು ಸಾಕು. ಇನ್ನೊಬ್ಬನಿಗೆ ತಿಳಿಯುವಂತೆ ಬರೆಯಲು ಇಬ್ಬರೂ ಒಪ್ಪಿದ ಪದ ಬೇಕು. ಅದಕ್ಕೆ ವೈದ್ಯಲೋಕಕ್ಕೆ ನೂರಿಪ್ಪತ್ತು ವರ್ಷ ಹಿಡಿಯಿತು, ನಮ್ಮ ಐದೂರಿನ ದಾರಿಗಳಿಗೆ ಅದು ಪೂರ್ತಿ ಮುಟ್ಟಲು ಇನ್ನಷ್ಟು ದಿನ ಬೇಕು.

ಚೀಲವನ್ನು ಮತ್ತೆ ಬೀರುವಿನಲ್ಲಿ ಇಡುವ ಮುಂಚೆ ಮೊದಲೆರಡು ರಿಪೋರ್ಟುಗಳ ತಲೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ: ನೋವಿನ ಎರಡನೆಯ ದಿನ, ನೋವಿನ ಹನ್ನೆರಡನೆಯ ದಿನ. ಅತ್ತಿಗೆ ನೋಡಿ, "ಈಗ ಯಾಕಪ್ಪ ಅದು?" ಎಂದರು. ಮುಂದೆ ಯಾರಾದರೂ ಓದಿದರೆ ಇರಲಿ ಎಂದೆ.